ದುರ್ಗದ ಕೋಟೆ ಅಳೆಯಲು ಹೊರಟ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಲೇಜಿನ ಅಳತೆ ಕೆಲಸಕ್ಕೆ ನೀನು ಚಿತ್ರದುರ್ಗದ ಕೋಟೆಯನ್ನೇ ಆರಿಸಿಕೊಂಡೆಯಂತೆ, ಬಹಳ ಸಂತೋಷ. ಹೋದವರೆಲ್ಲ ಏಳು ಸುತ್ತು ಎಣಿಸುತ್ತಾ ಬಾಗಿಲಿನಿಂದ ಶುರು ಮಾಡುತ್ತಾರೆ. ನೀನು ನೀರಿನಿಂದ ಶುರು ಮಾಡು. ಆ ಬೋಳು ಬಂಡೆಗಳ ನಡುವೆ ಅಷ್ಟು ಜನ, ಅಷ್ಟು ದನಕರು ಬದುಕಿದ್ದು ಮಳೆನೀರನ್ನು ನಂಬಿ. ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕಡೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುತ್ತದೆ. ಪ್ರತಿ ಹೊಂಡಕ್ಕೂ ನೀರು ಎಲ್ಲಿಂದ ಬರುತ್ತದೆ, ಕೋಡಿ ಎಷ್ಟು ಎತ್ತರದಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ಗುರುತು ಹಾಕು. ಗೋಡೆ ಕೆಲವು ಕಡೆ ಯಾಕೆ ಹಾಗೆ ಬಳಸಿಕೊಂಡು ಹೋಗಿದೆ ಅನ್ನುವುದು ಆಮೇಲೆ ತಿಳಿಯುತ್ತದೆ. ಓಬವ್ವನ ಕಥೆಯಲ್ಲೂ ಆಕೆ ಹೊರಟದ್ದು ಊಟಕ್ಕೆ ಕೂತ ಗಂಡನಿಗೆ ನೀರು ತರಲು. ಆಕೆ ಶತ್ರುಗಳನ್ನು ತಡೆದ ಕಿಂಡಿಯ ಹತ್ತಿರವೇ ತಣ್ಣೀರು ದೋಣಿ ಎಂಬ ನೀರಿನ ತಾಣ ಇದೆ, ಎರಡನ್ನೂ ಒಂದೇ ಹಾಳೆಯಲ್ಲಿ ಬರೆದುಕೋ.

ಬಾಗಿಲು ದಾಟಿದ ಕೂಡಲೇ ದಾರಿ ಎಡಕ್ಕೋ ಬಲಕ್ಕೋ ಹೊರಳುತ್ತದೆ. ಆನೆ ದೂರದಿಂದ ಓಡಿ ಬಂದು ಕದ ಗುದ್ದಬಾರದೆಂದು ಮಾಡಿದ ಉಪಾಯ ಅದು. ಹಾಗಾಗಿ ಬಾಗಿಲ ಅಗಲವೊಂದನ್ನೇ ಅಳೆದರೆ ಸಾಲದು, ಅದರ ಮುಂದೆ ನೇರ ದಾರಿ ಎಷ್ಟು ಅಡಿ ಸಿಗುತ್ತದೆ ಅದನ್ನೂ ಅಳೆ. ಕದಗಳು ಇಲ್ಲದ ಕಡೆ ಮೇಲೆ ಕೆಳಗೆ ತಿರುಗಣಿಯ ಕುಳಿ, ಪಕ್ಕದ ಗೋಡೆಯಲ್ಲಿ ಅಗುಳಿಯ ತೂತು ಹುಡುಕು. ಕದ ಯಾವ ಕಡೆಗೆ ತೆರೆಯುತ್ತಿತ್ತು, ಅಡ್ಡ ಹಾಕುತ್ತಿದ್ದ ತೊಲೆ ಎಷ್ಟು ದಪ್ಪ ಎಂಬುದನ್ನು ಅವೇ ಹೇಳುತ್ತವೆ.

ಬಂಡೆಗಳ ಅಂಚಿನಲ್ಲಿ ಸಾಲಾಗಿ ಚೌಕದ ಕುಳಿಗಳು ಕಾಣುತ್ತವೆ. ಉಳಿಯಿಂದ ಕೊರೆದು ಬೆಣೆ ಹೊಡೆದು ಕಲ್ಲು ಸೀಳಿದ ಗುರುತು ಅವು. ಹಾಗೆ ಸೀಳಿದ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕೂರಿಸಿದ್ದಾರೆ. ಮಳೆನೀರು ಆ ಸಂದುಗಳಿಂದಲೇ ಹೊರಗೆ ಸೋರಿ ಹೋಗಬೇಕು. ಅಂಥ ಗೋಡೆಗೆ ಸಿಮೆಂಟ್ ಮೆತ್ತಿದರೆ ನೀರು ಹಿಂದೆಯೇ ನಿಂತು ಮಣ್ಣು ನೆನೆದು ಗೋಡೆ ಹೊಟ್ಟೆ ಬಿಡುತ್ತದೆ. ಸಂದಿನಲ್ಲಿ ಹುಟ್ಟಿದ ಅರಳಿ ಸಸಿ ಇನ್ನೂ ಕೆಟ್ಟದ್ದು. ಬರೀ ಕಾಂಡ ಕಡಿದರೆ ಮತ್ತೆ ಚಿಗುರುತ್ತದೆ, ಬೇರು ದಪ್ಪವಾಗಿ ಕಲ್ಲನ್ನೇ ಹೊರಗೆ ತಳ್ಳುತ್ತದೆ. ಅನುಮಾನ ಬಂದ ಕಡೆ ಮೇಲಿನಿಂದ ತೂಗುಗುಂಡು (ದಾರಕ್ಕೆ ಕಟ್ಟಿದ ಭಾರದ ಗುಂಡು) ಬಿಟ್ಟು ಅಡಿಗೊಂದರಂತೆ ಅಂತರ ಅಳೆದುಕೋ, ಉಬ್ಬು ಎಲ್ಲಿಂದ ಶುರುವಾಗಿದೆ ಅಂತ ಸಿಕ್ಕಿಬಿಡುತ್ತದೆ.

ಇಡೀ ಕೋಟೆಯನ್ನು ಒಬ್ಬ ರಾಜನ ಹೆಸರಿಗೆ ಬರೆಯಬೇಡಮ್ಮ. ತಿಮ್ಮಣ್ಣ ನಾಯಕ ಅಧಿಕಾರಕ್ಕೆ ಬಂದದ್ದು 1568ರಲ್ಲಿ, ಕಡೆಯ ಮದಕರಿ ನಾಯಕ ಹೈದರಾಲಿಗೆ ಸೋತದ್ದು 1779ರಲ್ಲಿ. ಆ ಇನ್ನೂರು ವರ್ಷದಲ್ಲಿ ಯುದ್ಧದ ರೀತಿಯೇ ಬದಲಾಯಿತು. ಫಿರಂಗಿಗೆಂದು ಕಟ್ಟಿದ ಬತ್ತೇರಿಗಳನ್ನು ಹಳೆಯ ಗೋಡೆಯಿಂದ ಬೇರೆಯಾಗಿ ತೋರಿಸು. ನಾಲ್ಕು ದೊಡ್ಡ ಕಲ್ಲುಗಳಿರುವ ಸಿಡಿಮದ್ದು ಬೀಸುವ ಗುಂಡಿಯನ್ನು ಮರೆಯಬೇಡ, ಕಲ್ಲುಗಳ ವ್ಯಾಸ, ನಡುವಿನ ಅಂತರ ಎರಡೂ ಬೇಕು. ಅರಮನೆಯ ಮಣ್ಣಿನ ಗೋಡೆಗಳನ್ನು ಮಾತ್ರ ಮುಟ್ಟದೆ ದೂರದಿಂದ ಅಳೆ, ಒರಗಿದರೂ ಉದುರುತ್ತವೆ.

ಟ್ರೈಪಾಡ್, ಡ್ರೋನ್ ಏನೇ ಒಯ್ಯುವುದಿದ್ದರೂ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆದಿರು. ಮಧ್ಯಾಹ್ನ ಬಂಡೆ ಕಾದ ಹೆಂಚಾಗುತ್ತದೆ, ಬೆಳಿಗ್ಗೆಯೇ ಮೇಲಕ್ಕೆ ಹತ್ತು. ಕೋತಿಗಳ ಕಾಟವಿದೆ, ತಿಂಡಿಯನ್ನು ಚೀಲದೊಳಗೆ ಇಟ್ಟುಕೋ. ಅಳತೆ ಮುಗಿದ ಮೇಲೆ ಮೊದಲ ನಕ್ಷೆಯ ಪ್ರತಿ ನನಗೂ ಕಳಿಸು.

ಇಂತಿ ನಿನ್ನ
ದೊಡ್ಡಪ್ಪ