ರಚನಾನುರೂಪಿ ಅಂಗಗಳ ತಪ್ಪು ಪಾಠ

ಮಾನ್ಯ ಸಂಪಾದಕರೆ,

ಪ್ರೌಢಶಾಲೆಗೆ ಹೋಗುವ ನನ್ನ ಮಗಳ ವಿಜ್ಞಾನದ ಪ್ರಶ್ನೋತ್ತರ ಪುಸ್ತಿಕೆಯೊಂದರಲ್ಲಿ ‘ಒಂದೇ ಬಗೆಯ ಕೆಲಸ ಮಾಡುವ ಅಂಗಗಳು ರಚನಾನುರೂಪಿ ಅಂಗಗಳು’ ಎಂದು ಅಚ್ಚಾಗಿದೆ. ಕೆಳಗೆ ಚಿಟ್ಟೆ ಮತ್ತು ಹಕ್ಕಿಯ ರೆಕ್ಕೆಗಳನ್ನೇ ಉದಾಹರಣೆಯಾಗಿ ಕೊಟ್ಟಿರುವುದರಿಂದ ಇದು ಕೇವಲ ಅಚ್ಚಿನ ದೋಷವೆನ್ನುವಂತಿಲ್ಲ, ಪರಿಕಲ್ಪನೆಯೇ ತಲೆಕೆಳಗಾಗಿದೆ.

ರೂಪವೂ ಕೆಲಸವೂ ಎಷ್ಟೇ ಬೇರೆಯಾದರೂ ಬೇರೆ ಬೇರೆ ಪ್ರಾಣಿಗಳಲ್ಲಿರುವ ಅದೇ ಅಂಗ ಎಂಬ ಅರ್ಥದಲ್ಲಿ ಇಂಗ್ಲೆಂಡಿನ ಅಂಗರಚನಾ ವಿಜ್ಞಾನಿ ರಿಚರ್ಡ್ ಓವೆನ್ 1843ರಲ್ಲಿ ರಚನಾನುರೂಪಿ ಅಂಗವನ್ನು ವಿವರಿಸಿದರು. ಆ ಹೋಲಿಕೆಗೆ ಕಾರಣ ಒಂದೇ ಪೂರ್ವಜರಿಂದ ಬಂದ ವಂಶಾವಳಿ ಎಂದು 1859ರಲ್ಲಿ ತೋರಿಸಿಕೊಟ್ಟವರು ಡಾರ್ವಿನ್. ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಭೀಮಗಡದ ಗುಹೆಗಳಲ್ಲಿ ನೇತಾಡುವ ಬಾವಲಿಯ ರೆಕ್ಕೆಯಲ್ಲಿಯೂ ನಮ್ಮ ಕೈಯಲ್ಲಿರುವಂತೆಯೇ ತೋಳಿಗೊಂದು ಮೂಳೆ, ಮುಂಗೈಗೆ ಎರಡು, ಮಣಿಕಟ್ಟು, ಐದು ಬೆರಳುಗಳಿವೆ. ನೀಳವಾಗಿ ಬೆಳೆದ ಬೆರಳುಗಳ ನಡುವೆ ಚರ್ಮ ಹರಡಿದೆ, ಅಷ್ಟೆ. ಚಿಟ್ಟೆಯ ರೆಕ್ಕೆಯಲ್ಲಿ ಮೂಳೆಯೇ ಇಲ್ಲ.

ಇದನ್ನು ಕಾಣಲು ನಮ್ಮ ಜಿಲ್ಲೆಯ ಮಕ್ಕಳು ದೂರ ಹೋಗಬೇಕಿಲ್ಲ. ದ್ರಾಕ್ಷಿಯ ಬಳ್ಳಿಯಲ್ಲಿ ಗೊನೆ ಮೂಡುವುದು ಎಲೆಯ ಎದುರು ಬದಿಯಲ್ಲಿ; ತಂತಿಗೆ ಸುತ್ತಿಕೊಳ್ಳುವ ಸುರುಳಿ ಕುಡಿ ಮೂಡುವುದೂ ಅಲ್ಲಿಯೇ. ಎಳೆಯ ಹಂತದಲ್ಲಿ ಎರಡೂ ಒಂದೇ ಮೊಳಕೆಯಾಗಿದ್ದು, ಮುಂದೆ ಹೂಗೊಂಚಲಾಗುವುದೋ ಕುಡಿಯಾಗುವುದೋ ಎಂಬುದು ಬಳ್ಳಿಯೊಳಗಿನ ಚೋದಕಗಳು (ಹಾರ್ಮೋನುಗಳು), ಬಿಸಿಲು, ಪೋಷಣೆಗಳನ್ನು ಅವಲಂಬಿಸಿರುತ್ತದೆ. ಕಳೆದ ಹಂಗಾಮಿನಲ್ಲಿ ನಮ್ಮ ತೋಟದಲ್ಲಿಯೇ ಇಂತಹದೊಂದು ಸಿಕ್ಕಿತು. ಕವಲೊಡೆದ ಕುಡಿಯ ಒಂದು ಕವಲು ತಂತಿಯನ್ನು ಬಿಗಿಯಾಗಿ ಸುತ್ತಿಕೊಂಡಿದ್ದರೆ, ಇನ್ನೊಂದರ ತುದಿಯಲ್ಲಿ ನಾಲ್ಕು ಕಾಯಿ ಕಟ್ಟಿದ್ದವು. ಚಾಟ್ನಿಯ, ಅಂದರೆ ಬಳ್ಳಿ ಸವರುವ ಕೆಲಸದ, ನಂತರ ಚಿಗುರು ಸರಿಪಡಿಸುವಾಗ ನಾವು ಇವನ್ನು ಕಸವೆಂದು ಚಿವುಟಿ ಎಸೆಯುತ್ತೇವೆ. ಅಂದು ಮಾತ್ರ ಮಗಳನ್ನು ಕರೆದು ತೋರಿಸಿದೆ. ಬಟಾಣಿಯ ಬಳ್ಳಿಯೂ ಇಂತಹ ಸುರುಳಿಯಿಂದಲೇ ಆಸರೆ ಹಿಡಿಯುತ್ತದೆಯಾದರೂ ಅದು ಎಲೆಯ ತುದಿಯ ಕಿರುಎಲೆಗಳಿಂದ ಆದದ್ದು. ಕೆಲಸ ಒಂದೇ, ಹುಟ್ಟು ಬೇರೆ. ಇವು ಕಾರ್ಯಾನುರೂಪಿ ಅಂಗಗಳು. ದ್ರಾಕ್ಷಿಯ ಕುಡಿ ಮತ್ತು ಗೊನೆಗಳದು ಬೇರೆ ಬೇರೆ ಕೆಲಸ, ಆದರೆ ಒಂದೇ ಹುಟ್ಟು; ಅವು ರಚನಾನುರೂಪಿ.

ಪುಸ್ತಿಕೆಯ ಪ್ರಕಾಶಕರು ಮುಂದಿನ ಮುದ್ರಣಕ್ಕೆ ಮೊದಲು ಆ ಪುಟವನ್ನು ತಿದ್ದಬೇಕು, ಈಗಾಗಲೇ ಕೊಂಡ ಮಕ್ಕಳಿಗೆ ತಿದ್ದೋಲೆ ತಲುಪಿಸಬೇಕು. ಶಿಕ್ಷಕರು ಚಾಟ್ನಿ ಮುಗಿದು ಚಿಗುರೊಡೆದ ದಿನಗಳಲ್ಲಿ ಮಕ್ಕಳನ್ನು ಕರೆತಂದರೆ ತೋಟ ತೋರಿಸಲು ನನ್ನಂಥ ಬೆಳೆಗಾರರು ಸಂತೋಷದಿಂದ ಸಿದ್ಧರಿದ್ದೇವೆ.

– ದ್ರಾಕ್ಷಿ ಬೆಳೆಗಾರ, ತಿಕೋಟಾ, ವಿಜಯಪುರ ಜಿಲ್ಲೆ