ಸೋಲಿಗೂ ತುತ್ತೂರಿ ಊದುವ ಆಟ

ಮಾನ್ಯ ಸಂಪಾದಕರೇ,

ಆನ್‌ಲೈನ್ ಜೂಜಿನಿಂದ ಸಾಲಕ್ಕೆ ಬಿದ್ದವರ ಸುದ್ದಿ ನಮ್ಮ ಜಿಲ್ಲೆಯ ಪುಟದಲ್ಲಿ ಬಂದಾಗಲೆಲ್ಲ ‘ಚಟಕ್ಕೆ ದಾಸನಾಗಿ’, ‘ದುರಾಸೆಗೆ ಬಿದ್ದು’ ಎಂಬ ಮಾತು ತಪ್ಪದೆ ಇರುತ್ತದೆ. ಬನಹಟ್ಟಿಯ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಬಹುಕಾಲ ಲೆಕ್ಕ ಬರೆದು ನಿವೃತ್ತನಾದ ನನಗೂ ಮೊನ್ನೆಮೊನ್ನೆಯವರೆಗೆ ಇದೇ ಅಭಿಪ್ರಾಯವಿತ್ತು. ನಮ್ಮಣ್ಣನ ಮಗನ ಪಾಸ್‌ಬುಕ್ಕನ್ನೂ ಫೋನನ್ನೂ ಒಂದು ಸಂಜೆ ಮುಂದಿಟ್ಟುಕೊಂಡು ಕುಳಿತ ಮೇಲೆ ಅದು ಉಳಿಯಲಿಲ್ಲ.

ಅವನು ಪಾವರ್‌ಲೂಮ್ ನೇಕಾರ, ಕುಡಿತವಿಲ್ಲ, ಇಸ್ಪೀಟಿಲ್ಲ. ಪಾಸ್‌ಬುಕ್ಕಿನಲ್ಲಿದ್ದ ದಿನಾಂಕವನ್ನು ಫೋನಿನ ಯುಪಿಐ ಪಟ್ಟಿಯಲ್ಲಿದ್ದ ವೇಳೆಯೊಂದಿಗೆ ತಾಳೆ ಹಾಕುತ್ತ ಹೋದೆ. ವಾರದ ಬಟವಾಡೆ ಬಂದ ರಾತ್ರಿಯೇ, ಒಂದರಿಂದ ಎರಡೂವರೆಯೊಳಗೆ, 100, 100, 200, 500, ಮತ್ತೆ 500 ರೂಪಾಯಿ ಹೋಗಿತ್ತು. ಪ್ರತಿ ಸಲವೂ ಹಣ ಪಡೆದವರ ಹೆಸರು ಬೇರೆ, ಎಲ್ಲವೂ ಯಾರದೋ ಖಾಸಗಿ ಖಾತೆ. ಮರುದಿನ 850 ರೂಪಾಯಿ ಜಮೆಯಾಗಿತ್ತು. ‘ಇದೇನೋ?’ ಎಂದು ಕೇಳಿದರೆ, ‘ಅವತ್ತ ಗೆದ್ದಿದ್ದೆ ಕಾಕಾ’ ಎಂದ. 1,400 ಕೊಟ್ಟು 850 ಪಡೆದದ್ದನ್ನು ಗೆಲುವೆಂದು ಅವನು ಹೇಳಿದ್ದು ನನ್ನಿಂದ ಮರೆಮಾಚಲಿಕ್ಕಲ್ಲ. ಅವನು ನಿಜವಾಗಿಯೂ ಹಾಗೆ ನಂಬಿದ್ದ.

ಹಾಗೆ ನಂಬುವಂತೆ ಮಾಡುವ ಬಗೆಯನ್ನು ಅವನೇ ವಾಲೆಟ್ಟಿನಲ್ಲಿ ಉಳಿದಿದ್ದ ಚಿಲ್ಲರೆಯಲ್ಲಿ ತೋರಿಸಿದ. ಅದು ಸ್ಲಾಟ್ ಎಂಬ ಆಟ. ಪರದೆಯ ಮೇಲೆ ಐದು ಕಂಬಸಾಲುಗಳಲ್ಲಿ ಗಂಟೆ, ಹಣ್ಣು, ಏಳರ ಅಂಕಿ ತಿರುಗುತ್ತವೆ. ಒಂದು ಸ್ಪಿನ್ನಿಗೆ, ಅಂದರೆ ಒಂದು ಸಲ ತಿರುಗಿಸುವುದಕ್ಕೆ, 20 ಗೆರೆಗಳು, ಗೆರೆಗೊಂದು ರೂಪಾಯಿ; ಯಾವುದಾದರೂ ಗೆರೆಯಲ್ಲಿ ಒಂದೇ ಚಿತ್ರ ಕೂಡಿಬಂದರೆ ಹಣ. ಒತ್ತಿದ, ಒಂದು ಗೆರೆ ಕೂಡಿಬಂತು, ತುತ್ತೂರಿ ಮೊಳಗಿತು, ಬಂಗಾರದ ನಾಣ್ಯಗಳು ಮೇಲಿನಿಂದ ಉದುರಿದವು, ನಡುವೆ ದಪ್ಪಕ್ಷರದಲ್ಲಿ ‘ಗೆಲುವು 8’ ಎಂದು ಮೂಡಿತು. 20 ಹೋಗಿ 8 ಬಂದರೆ ನಮ್ಮ ವಹಿಯಲ್ಲಿ ಅದನ್ನು 12 ರೂಪಾಯಿ ನಷ್ಟವೆಂದು ಬರೆಯುತ್ತೇವೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು ಗೆಲುವಿನ ವೇಷ ತೊಟ್ಟ ಇಂಥ ಸೋಲುಗಳನ್ನು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆಡುವವರ ಚರ್ಮದ ಬೆವರಿನ ಅಳತೆಯಲ್ಲಿ ಕಾಣುವ ಉದ್ವೇಗವು ನಿಜವಾದ ಗೆಲುವಿಗೆ ಹೇಗೆ ಏರುತ್ತದೆಯೋ ಈ ಸುಳ್ಳು ಗೆಲುವಿಗೂ ಹಾಗೆಯೇ ಏರುತ್ತದೆ. ಅಂದರೆ ಲೆಕ್ಕ ತಿಳಿಯದವನು ಮಾತ್ರ ಇದಕ್ಕೆ ಬೀಳುತ್ತಾನೆ ಎನ್ನುವಂತಿಲ್ಲ. ತಲೆ ಲೆಕ್ಕ ಹಾಕುವ ಮೊದಲೇ ಮೈ ಗೆದ್ದಿರುತ್ತದೆ.

ಇನ್ನೊಂದು, ‘ಸ್ವಲ್ಪದರಲ್ಲಿ ತಪ್ಪಿತು’ ಎಂಬ ನಾಟಕ. ಎರಡು ಏಳು ನಿಂತು ಮೂರನೆಯದು ಒಂದು ಮನೆ ಕೆಳಗೆ ಜಾರಿತೆಂದರೆ, ಇಷ್ಟರಲ್ಲೇ ಬರಬಹುದು ಎನ್ನಿಸುತ್ತದೆ. ವಾಸ್ತವದಲ್ಲಿ ಗುಂಡಿ ಒತ್ತಿದ ಕ್ಷಣವೇ ಯಂತ್ರದೊಳಗಿನ ಅಂಕಿ ಫಲಿತಾಂಶವನ್ನು ತೀರ್ಮಾನಿಸಿಯಾಗಿರುತ್ತದೆ, ಆಮೇಲಿನ ತಿರುಗುವಿಕೆ ಬರೀ ತೋರಿಕೆ. ನಿಂತ ಚಿತ್ರ ಹತ್ತಿರವಿದ್ದರೂ ಅಷ್ಟೇ, ದೂರವಿದ್ದರೂ ಅಷ್ಟೇ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 2009ರಲ್ಲಿ ನಡೆದ ಮೆದುಳಿನ ಸ್ಕ್ಯಾನ್ ಅಧ್ಯಯನದಲ್ಲಿ, ಹೀಗೆ ಸ್ವಲ್ಪದರಲ್ಲಿ ತಪ್ಪಿದ ಆಟವು ಆಡುವವರಿಗೆ ಪೂರಾ ಸೋಲಿಗಿಂತ ಹೆಚ್ಚು ಬೇಸರ ತಂದರೂ, ತಮ್ಮ ಚಿತ್ರವನ್ನು ತಾವೇ ಆರಿಸಿಕೊಂಡಿದ್ದಾಗ ಇನ್ನೊಮ್ಮೆ ಆಡುವ ಆಸೆಯನ್ನೂ ಹೆಚ್ಚಿಸಿದ್ದು ಕಂಡುಬಂತು. ‘ನಿಲ್ಲಿಸು’ ಎಂಬ ಗುಂಡಿಯನ್ನು ಆಟದಲ್ಲಿ ಯಾಕೆ ಇಟ್ಟಿದ್ದಾರೆಂಬುದು ಇದರಿಂದ ತಿಳಿಯುತ್ತದೆ. ಅದನ್ನು ಒತ್ತಿದರೂ ಏನೂ ಬದಲಾಗುವುದಿಲ್ಲ, ಆದರೆ ಕೈಚಳಕ ತನ್ನದೇ ಎಂಬ ಭ್ರಮೆ ಹುಟ್ಟುತ್ತದೆ. ಲಾಳಿಯ ಓಟವನ್ನು ಕಿವಿಯಿಂದಲೇ ಅಳೆಯಬಲ್ಲ ನಮ್ಮ ಹುಡುಗ, ‘ಟೈಮಿಂಗ್ ಹಿಡೀಬೇಕು ಕಾಕಾ’ ಎಂದು ನನಗೇ ಪಾಠ ಹೇಳಿದ.



ನಮ್ಮ ಭಾಗಕ್ಕೆ ಜೂಜು ಹೊಸದಲ್ಲ. ಓಸಿ, ಅಂದರೆ ಮಟಕಾ ಎಂಬ ಅಂಕಿಯ ಜೂಜಿನ ಚೀಟಿ ಬರೆಸಿ ಮನೆ ಕಳೆದುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಟಕಾದ ಪರ ಮಾತನಾಡುತ್ತಿದ್ದೇನೆಂದು ದಯವಿಟ್ಟು ತಿಳಿಯಬಾರದು. ಆದರೂ ಅದರಲ್ಲಿ ಮೊದಲ ಅಂಕಿ ಬರುವ ಓಪನ್ನಿಗೂ ಕೊನೆಯ ಅಂಕಿ ಬರುವ ಕ್ಲೋಸಿಗೂ ನಡುವೆ ಒಂದಿಷ್ಟು ಹೊತ್ತಿರುತ್ತಿತ್ತು. ಆ ಹೊತ್ತಿನಲ್ಲಿ ಮನುಷ್ಯ ಊಟ ಮಾಡುತ್ತಿದ್ದ, ಹೆಂಡತಿಯ ಮುಖ ನೋಡುತ್ತಿದ್ದ, ಕಿಸೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಸ್ಲಾಟ್ ಆಟ ಕಿತ್ತುಕೊಂಡದ್ದು ಆ ಹೊತ್ತನ್ನೇ. ಮೂರು ಸೆಕೆಂಡಿಗೊಂದರಂತೆ ನಿಮಿಷಕ್ಕೆ 20 ಸ್ಪಿನ್, ತಾಸಿಗೆ 1,200. ‘ಶೇ 96ರಷ್ಟು ಹಣ ವಾಪಸ್’ ಎಂದು ಈ ಆಟಗಳವರು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ನೂರಕ್ಕೆ ನಾಲ್ಕೇ ತಾನೇ ಹೋಗುವುದು ಎಂದುಕೊಳ್ಳುತ್ತೇವೆ. ಆದರೆ ಆ ನಾಲ್ಕು ನಾವು ತಂದ ಹಣದ ಮೇಲಲ್ಲ, ಪ್ರತಿ ಸ್ಪಿನ್ನಿನ ಪಣದ ಮೇಲೆ ಬೀಳುತ್ತದೆ. ಹತ್ತು ರೂಪಾಯಿಯ ಸ್ಪಿನ್ ಆದರೆ ತಾಸಿಗೆ ಪಣಕ್ಕಿಟ್ಟದ್ದು 12,000 ರೂಪಾಯಿ, ಅದರ ಶೇ 4 ಎಂದರೆ 480. ಐದುನೂರು ತಂದವನು ಸರಾಸರಿ ಲೆಕ್ಕದಲ್ಲಿ ತಾಸಿನ ಮೇಲೆ ಎರಡೂವರೆ ನಿಮಿಷಕ್ಕೆ ಬರಿಗೈ.

ಬೋನಸ್ಸಿನ ಕತೆಯೂ ಇಷ್ಟೇ. ಅವನಿಗೆ 200 ರೂಪಾಯಿ ಬೋನಸ್ ಕೊಟ್ಟಿದ್ದರು. ಅದರ 30 ಪಟ್ಟು ಆಡಿದ ಮೇಲಷ್ಟೇ ಹಣ ತೆಗೆಯಬಹುದೆಂಬ ಷರತ್ತು ಸಣ್ಣಕ್ಷರದಲ್ಲಿತ್ತು. 6,000 ರೂಪಾಯಿಯ ಪಣಕ್ಕೆ ಶೇ 4ರಂತೆ 240 ಹೋಗುತ್ತದೆ. ಇನ್ನೂರರ ಉಡುಗೊರೆಗೆ ಇನ್ನೂರ ನಲವತ್ತರ ಬೆಲೆ!

ಇಂಥ ಆಟಗಳನ್ನು ನಡೆಸಲು ಅನುಮತಿಯಿರುವ ಬ್ರಿಟನ್ನಿನಲ್ಲಿ ಜೂಜು ಆಯೋಗವು 2021ರಲ್ಲಿ ಒಂದು ಸ್ಪಿನ್ನಿಗೆ ಕನಿಷ್ಠ ಎರಡೂವರೆ ಸೆಕೆಂಡು ಇರಲೇಬೇಕು, ತಾನೇ ತಿರುಗುತ್ತ ಹೋಗುವ ವ್ಯವಸ್ಥೆ ಕೂಡದು, ಪಣಕ್ಕಿಂತ ಹೆಚ್ಚು ಬಾರದಿದ್ದಾಗ ಸಂಭ್ರಮದ ಸದ್ದು, ಚಿತ್ರ ಹಾಕಕೂಡದು ಎಂದು ಕಟ್ಟುಮಾಡಿತು. ಆ ತುತ್ತೂರಿ ಅಲ್ಲಿ ನಿಯಮಬಾಹಿರ. ನಮ್ಮಲ್ಲಿ ಆನ್‌ಲೈನ್ ಜೂಜು ತಡೆಯಲು ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಸಂಸತ್ತು 2025ರ ಆಗಸ್ಟ್‌ನಲ್ಲಿ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಸ್ವಾಗತಾರ್ಹವೇ. ಆದರೆ ಟೆಲಿಗ್ರಾಂ ಲಿಂಕಿನ ಮೂಲಕ ಬಂದು, ದಿನಕ್ಕೊಂದು ಖಾಸಗಿ ಖಾತೆಗೆ ಹಣ ಹಾಕಿಸಿಕೊಳ್ಳುವ ಆಟಕ್ಕೆ ಯಾವ ಸೆಕೆಂಡಿನ ನಿಯಮವೂ ಇಲ್ಲ. ಶೇ 96 ಎಂಬುದೂ ಅವರದೇ ಬಾಯಿಮಾತು, ಪರೀಕ್ಷಿಸುವವರಾರು? ಆ ಕಾಯ್ದೆಯಲ್ಲಿ ಆಡುವವನಿಗೆ ಶಿಕ್ಷೆಯಿಲ್ಲ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಪೊಲೀಸರು ಹಿಡಿದಾರೆಂಬ ಅಂಜಿಕೆಯಿಂದಲೇ ನಮ್ಮ ಹುಡುಗ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

ಕಾಲೇಜುಗಳಲ್ಲಿ, ನೇಕಾರ ಕಾಲೊನಿಗಳಲ್ಲಿ ಆಗಾಗ ಜಾಗೃತಿ ಸಭೆ ನಡೆಯುತ್ತವೆ. ‘ಜೂಜು ಕೆಟ್ಟದ್ದು’ ಎಂದು ಅಲ್ಲಿ ಭಾಷಣ ಮಾಡುವುದಕ್ಕಿಂತ, ಮೇಲಿನ 480ರ ಲೆಕ್ಕವನ್ನು ಕರಿಹಲಗೆಯ ಮೇಲೆ ಬಿಡಿಸಲಿ, 8 ರೂಪಾಯಿಯ ‘ಗೆಲುವನ್ನು’ ಪರದೆಯ ಮೇಲೆ ತೋರಿಸಲಿ. ಮಧ್ಯರಾತ್ರಿ ಬೇರೆಬೇರೆ ಖಾಸಗಿ ಖಾತೆಗಳಿಗೆ ಸಣ್ಣಸಣ್ಣ ಮೊತ್ತ ಸಾಲಾಗಿ ಹೋಗಿರುವುದು ಬ್ಯಾಂಕಿನವರಿಗೂ ನಮ್ಮಂಥ ಸಂಘದವರಿಗೂ ಮೊದಲು ಕಾಣುವ ಸಂಗತಿ. ಸಾಲದ ಅರ್ಜಿ ಹಿಡಿದು ಬಂದವನನ್ನು ಗದರಿಸದೆ ಒಂದು ಮಾತು ಕೇಳಲಿ. ಕೌಂಟರಿನಲ್ಲಿ ಕುಳಿತ ಅಷ್ಟು ವರ್ಷ ನಾನು ಹಾಗೆ ಯಾರನ್ನೂ ಕೇಳಿದವನಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಅಂದು ಸಂಜೆ ಒಂದು ನೋಟುಬುಕ್ಕಿನಲ್ಲಿ ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು ಎಂದು ಗೆರೆ ಹಾಕಿ ಯುಗಾದಿಯಿಂದೀಚಿನದನ್ನು ಅವನ ಕೈಯಿಂದಲೇ ಬರೆಸಿದೆ. ಬಲಗಡೆಯದನ್ನು ಎರಡು ಸಲ ಕೂಡಿಸಿದ. ‘ಹೋದದ್ದಷ್ಟ ತಿರುಗಿ ಬಂದ್ರ ಸಾಕು, ಮುಂದ ಆಡೂದಿಲ್ಲ’ ಎಂದು ಅದುವರೆಗೆ ಅನ್ನುತ್ತಿದ್ದವನು ಆಮೇಲೆ ಆ ಮಾತು ಎತ್ತಲಿಲ್ಲ. ಮರುದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಿದ. ಕರೆ ಉಚಿತ, ದಿನದ 24 ತಾಸೂ ಸಿಗುತ್ತದೆ. ಜೂಜಿನ ಸಾಲದ ಸುದ್ದಿ ಅಚ್ಚು ಮಾಡುವಾಗಲೆಲ್ಲ ‘ದುರಾಸೆ’ ಎಂಬ ಪದ ಬೀಳುವ ಜಾಗದಲ್ಲಿ ಈ ಐದು ಅಂಕಿಗಳನ್ನು ಹಾಕಬೇಕೆಂದು ತಮ್ಮಲ್ಲಿ ವಿನಂತಿ.

ಇಂತಿ ತಮ್ಮ ಓದುಗ,
ನಿವೃತ್ತ ಲೆಕ್ಕಿಗ, ಬನಹಟ್ಟಿ, ಬಾಗಲಕೋಟೆ ಜಿಲ್ಲೆ