ಊರುಗೋಲು ವಾಪಸ್ ಕೊಟ್ಟೆ, ಈಗ ಥ್ಯಾಂಕ್ಸ್ ಹೇಳೋ ಸರದಿ

ನಿನ್ನೆ ಊರುಗೋಲು ವಾಪಸ್ ಕೊಟ್ಟು ಬಂದೆ ಕಣ್ರಪ್ಪ. ಇಟಲಿಯ ಬೊಲೋನ್ಯಾದಲ್ಲಿ ಸೈಕಲ್ಲಿಂದ ಬಿದ್ದು ಕಾಲು ಮುರ್ಕೊಂಡು ನಾಲ್ಕೂವರೆ ತಿಂಗಳು, ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಕಿಟಕಿ ತೆಗೆದ್ರೆ ಒಂದು ಗೋಡೆ, ಎರಡು ಹೆಂಚಿನ ಮಾಡು, ಅರ್ಧ ಮರ, ಅಷ್ಟೇ.

ಮೊದಲು ಕೆಳಗಿನ ಮನೆ ಅಜ್ಜಿಗೆ ಥ್ಯಾಂಕ್ಸ್. ನಾನು ಮಾಂಸ ತಿನ್ನಲ್ಲ ಅಂತ ದಿನಾ ತರಕಾರಿ ಸಾರು ತರ್ತಿದ್ರು (ಒಗ್ಗರಣೆ ಇಲ್ಲದ ಸಾರು, ಆದ್ರೂ ಕುಡಿದೆ). ನೋಡೋಕೆ ಏನೂ ಇಲ್ಲ ಅಂತ ಗೊಣಗ್ತಿದ್ದಾಗ ಅವ್ರು, ಇದೇ ಊರಲ್ಲಿ ಒಬ್ಬರು ಇಂಥದ್ದೇ ಹಿತ್ತಲನ್ನ ವರ್ಷಗಟ್ಟಲೆ ಪೇಂಟ್ ಮಾಡಿದ್ರು, ಹೋಗಿ ನೋಡು ಅಂದ್ರು. ಜಾರ್ಜೋ ಮೊರಾಂಡಿ ಅನ್ನೋ ಚಿತ್ರಕಾರ. ನನಗೆ ಗೊತ್ತಿದ್ದಿದ್ದು ಬರೀ ಬಾಟಲಿ ಚಿತ್ರದ ಮೊರಾಂಡಿ.

ರೂಮ್‌ಮೇಟ್‌ಗಳು ನನ್ನ ಮೆಟ್ಟಿಲಿಳಿಸಿ ವೀಲ್‌ಚೇರಲ್ಲಿ ತಳ್ಕೊಂಡು ಮೊರಾಂಡಿ ಮ್ಯೂಸಿಯಂಗೆ ಕರ್ಕೊಂಡು ಹೋದ್ರು, ಆ ಬಿಲ್ಡಿಂಗ್ ಹಿಂದೆ ಊರಿಗೆ ಬ್ರೆಡ್ ಬೇಯಿಸ್ತಿದ್ದ ಬೇಕರಿಯಂತೆ. ಒಬ್ಬರದೇ ಚಿತ್ರ, ರೂಮಿಂದ ರೂಮಿಗೆ. ಬಾಟಲಿ ದಾಟಿ ಲ್ಯಾಂಡ್‌ಸ್ಕೇಪ್ ಹತ್ರ ಬಂದಾಗ ಗಾಡಿ ನಿಲ್ಲಿಸಿ ಅಂದೆ. ಫೊಂದಾತ್ಸಾ ಬೀದಿಯ ಅವ್ರ ಮನೆ ಹಿತ್ತಲು, ಗ್ರಿಜ್ಜಾನಾ ಹಳ್ಳಿಯ ಗುಡ್ಡ, ಒಂದು ಚಿತ್ರದಲ್ಲೂ ಮನುಷ್ಯರಿಲ್ಲ, ಮನೆಗಳಿಗೆ ಎಷ್ಟೋ ಕಡೆ ಕಿಟಕಿನೂ ಇಲ್ಲ, ಸುಮ್ನೆ ಬಿಳಿ ಗೋಡೆ, ಪಕ್ಕದಲ್ಲಿ ಧೂಳು ಕೂತ ಹಸಿರು, ನಮ್ಮ ಚಿತ್ರದುರ್ಗದ ಕಡೆ ಏಪ್ರಿಲಲ್ಲಿ ಮಣ್ಣು ರಸ್ತೆ ಪಕ್ಕದ ಬೇಲಿ ಇರುತ್ತಲ್ಲ, ಅದೇ ಹಸಿರು! 1913ರಲ್ಲಿ ಮೊದಲ ಸಲ ಗ್ರಿಜ್ಜಾನಾಗೆ ಹೋದವ್ರು 1964ರಲ್ಲಿ ತೀರ್ಕೊಳ್ಳೋವರೆಗೂ ಮತ್ತೆ ಮತ್ತೆ ಅಲ್ಲಿಗೇ ಹೋದ್ರು, 1943ರಲ್ಲಿ ಯುದ್ಧದ ಹೊತ್ತಲ್ಲಿ ಬೊಲೋನ್ಯಾ ಮೇಲೆ ಬಾಂಬ್ ಬೀಳೋಕೆ ಶುರುವಾದಾಗ ತಂಗಿಯರ ಜೊತೆ ಅಲ್ಲೇ ಉಳಿದು ಅದೇ ದಾರಿ, ಅದೇ ದಿಬ್ಬ ಬರೆದ್ರು. 1985ರಲ್ಲಿ ಹಳ್ಳಿ ಹೆಸರನ್ನೇ ಗ್ರಿಜ್ಜಾನಾ ಮೊರಾಂಡಿ ಅಂತ ಮಾಡಿದ್ರು.

ನಾನು ಕತ್ತು ಎತ್ತಿ ನೋಡೋದು ಕಂಡು ಅಲ್ಲಿನ ಗಾರ್ಡಮ್ಮ ಬಂದು ಗಾಡಿನ ಸ್ವಲ್ಪ ಹಿಂದಕ್ಕೆ ಎಳೆದ್ರು, ಇಲ್ಲಿಂದ ನೋಡು ಅಂತ. ಅವ್ರಿಗೂ ಥ್ಯಾಂಕ್ಸ್. ಹೆಸರು ಕೇಳ್ಲಿಲ್ಲ ನೋಡಿ.

ಮನೆಗೆ ಬಂದ್ಮೇಲೆ ನನ್ನ ಕಿಟಕಿಯ ಆ ಗೋಡೆ ಬೆಳಿಗ್ಗೆ ಎಂಟಕ್ಕೆ ಒಂದು ಬಣ್ಣ, ಸಂಜೆ ಐದಕ್ಕೆ ಇನ್ನೊಂದು ಅಂತ ಕಾಣೋಕೆ ಶುರುವಾಯ್ತು. ಕಾಲು ಬೇಗ ಏನೂ ವಾಸಿಯಾಗ್ಲಿಲ್ಲ. ದಿನ ಮಾತ್ರ ಹೋಯ್ತು.

ಫಿಸಿಯೋ ಅವ್ರಿಗೆ, ಮಳೆಯಲ್ಲೂ ನಡೆಯೋಕೆ ಕಲಿಸಿದ ಈ ಊರಿನ ಕಮಾನು ಜಗಲಿಗಳಿಗೆ, ಒಂದೇ ಕಾಗದಕ್ಕೆ ಮೂರು ಸಲ ಅಲೆಸಿದ ಆಫೀಸಿಗೆ (ಇಲ್ಲ, ಅವ್ರಿಗೆ ಬೇಡ), ದಿನಾ ವಿಡಿಯೋ ಕಾಲ್ ಮಾಡಿ ಕಾಲು ತೋರ್ಸು ಅಂತಿದ್ದ ಅಮ್ಮಂಗೆ, ಎಲ್ರಿಗೂ.

ಭಾನುವಾರ ಅಜ್ಜಿ ಜೊತೆ ಗ್ರಿಜ್ಜಾನಾಗೆ ಹೋಗ್ತಿದೀನಿ. ಏರು ದಾರಿ, ಒಳ್ಳೆ ಶೂ ಹಾಕ್ಕೋ ಅಂದಿದಾರೆ. ಅಮ್ಮ ಕಳಿಸಿದ ಚಕ್ಕುಲಿ ಇನ್ನೂ ಅರ್ಧ ಡಬ್ಬಿ ಇದೆ, ಅದನ್ನೂ ತಗೊಂಡು ಹೋಗ್ತೀನಿ.